ಅರ್ಧ ಬೆರಳಿನ ಪಟ್ಟಿ

"ಅಕ್ಕಾ, ನಿಲ್ಸು! ಅಗಲ ಜಾಸ್ತಿ ಹೋಗ್ತಿದೆ!" ತಮ್ಮ ಹೊಲಿಗೆ ಯಂತ್ರ ಬಿಟ್ಟು ಎದ್ದೇ ಬಿಟ್ಟ.

ಅಕ್ಕ ನಿಲ್ಲಿಸಲಿಲ್ಲ. ಕೋಟಿನ ಬೆನ್ನಿನ ಭಾಗ ಪೂರ್ತಿ ಕತ್ತರಿಸಿದ ಮೇಲೆಯೇ ಟೇಪು ಹಿಡಿದಳು. ಹೌದು, ಅರ್ಧ ಬೆರಳು ಹೆಚ್ಚು. ಮೂವತ್ತು ವರ್ಷ ಇದೇ ಮೇಜಿನ ಮೇಲೆ ಬಟ್ಟೆ ಕತ್ತರಿಸಿದವಳು; ಭುಜಕ್ಕೆ ಪೆಟ್ಟು ಬಿದ್ದು ನರದ ನೋವು ಹತ್ತಿಕೊಂಡ ಏಳು ವರ್ಷವೂ ಒಂದು ನೂಲು ತಪ್ಪಿದವಳಲ್ಲ. ಈಗ ತಮ್ಮನ ಮಗಳ ಮೊದಲ ವಕೀಲಿ ಕೋಟಿನಲ್ಲೇ ಹೀಗಾಗಬೇಕೆ? "ಅತ್ತೆಯೇ ಕತ್ತರಿಸಬೇಕು" ಎಂದು ಹುಡುಗಿ ಹಟ ಹಿಡಿದಿದ್ದಳು. ಇದು ಕೆಟ್ಟರೆ ಇನ್ನು ಕತ್ತರಿ ನಿನ್ನದೇ ಎಂದು ಬೆಳಿಗ್ಗೆ ಅಕ್ಕ ತಮ್ಮನಿಗೆ ಮಾತು ಬೇರೆ ಕೊಟ್ಟಿದ್ದಳು.

"ಬಡ್ಕೊಂಡೆ ನಾನು. ಗಾಂಜಾ ಗಿಡದ ಮದ್ದು ತಗೊಂಡ್ರೆ ಕೈ ನೆಟ್ಟಗಿರುತ್ತಾ?"

"ನಾನೇನು ಸೇದ್ತಾ ಕೂತಿದ್ದೀನೇನೋ? ಡಾಕ್ಟ್ರು ಅಳೆದು ಬರೆದು ಕೊಟ್ಟಿರೋ ಹನಿ ಅದು."

ಬೇರೆ ಮಾತ್ರೆಗಳೆಲ್ಲ ಸೋತ ಮೇಲೆ ಡಾಕ್ಟರು ಅದನ್ನು ಕೊಟ್ಟಿದ್ದರು. ಎಲ್ಲರಿಗೂ ಹಿಡಿಸುವುದಿಲ್ಲ, ನೋವು ಪೂರ್ತಿ ಹೋಗುತ್ತದೆಂಬ ಆಸೆ ಬೇಡ ಎಂದೂ ಹೇಳಿದ್ದರು. ಪೂರ್ತಿ ಹೋಗಲೂ ಇಲ್ಲ. ಆದರೆ ಆರನೆಯ ವಾರಕ್ಕೆ, ಹಿಂದಿನ ರಾತ್ರಿಯಷ್ಟೇ, ಅಕ್ಕ ಮೊದಲ ಸಲ ಭುಜ ಹಿಡಿದುಕೊಳ್ಳದೆ ಬೆಳಗಿನವರೆಗೆ ಮಲಗಿದ್ದಳು.

ಅವಳು ಬಟ್ಟೆಯ ಮೇಲೆ ಬಗ್ಗಿದಳು. ತುಸು ಹೊತ್ತು ನೋಡಿದವಳೇ ಜೋರಾಗಿ ನಕ್ಕಳು.

"ಬಾರೋ ಇಲ್ಲಿ. ಸೀಮೆಸುಣ್ಣದ ಗೆರೆ ನೋಡು."

ತಮ್ಮ ನೋಡಿದ. ಕತ್ತರಿ ಗೆರೆಯ ಮೇಲೆಯೇ ಹೋಗಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. "ಅಂದ್ರೆ ಗೆರೇನೇ ತಪ್ಪಾ?"

"ಏಳು ವರ್ಷದಿಂದ ಗೆರೆ ಅರ್ಧ ಬೆರಳು ಹೊರಗೇ ಹಾಕ್ತಿದ್ದೀನಿ. ಕತ್ತರಿ ಒತ್ತಿದಾಗೆಲ್ಲ ಭುಜ ಚುಳ್ ಅಂದು ಕೈ ಒಳಕ್ಕೆ ಜಾರ್ತಿತ್ತು, ಅಲ್ಲಿಗೆ ಅಳತೆ ಸರಿಹೋಗ್ತಿತ್ತು. ಇವತ್ತೂ ಅಭ್ಯಾಸದ ಮೇಲೆ ಹಾಗೇ ಹಾಕಿದೆ. ಕೈ ಜಾರ್ಲಿಲ್ಲ ಕಣೋ!"

ತಮ್ಮ ಸ್ಟೂಲು ಎಳೆದುಕೊಂಡು ಕುಳಿತ. "ದಿನಾ ಎದುರಿಗೇ ಕೂತಿರ್ತೀನಿ. ನನಗೂ ಹೇಳ್ಲಿಲ್ವಲ್ಲ ಅಕ್ಕ."

"ಹೇಳಿದ್ರೆ ನೀನು ಕತ್ತರಿ ಕಿತ್ಕೋತಿದ್ದೆ."

ಹೌದೆಂದು ತಮ್ಮ ತಲೆಯಾಡಿಸಿದ. ಎಂಥ ಗಟ್ಟಿಗಿತ್ತಿ ನಮ್ಮಕ್ಕ ಎಂದು ಅವನ ಎದೆ ಉಬ್ಬಿತು, ಕಣ್ಣೂ ತುಂಬಿತು.

ಅಕ್ಕ ಇರಬೇಕಾದ ಜಾಗದಲ್ಲೇ ಹೊಸ ಗೆರೆ ಎಳೆದು ಕತ್ತರಿಸಿದಳು. ಕುತ್ತಿಗೆಯಿಂದ ಅಂಚಿನವರೆಗೆ ಒಂದೇ ಅಗಲದ ಕರಿ ಪಟ್ಟಿಯೊಂದು ನೆಲಕ್ಕೆ ಬಿತ್ತು. ತಮ್ಮ ಅದನ್ನೆತ್ತಿ ಚಿಂದಿಯ ಬುಟ್ಟಿಯವರೆಗೆ ಹೋದವನು, ಹಿಂದಿರುಗಿ ತನ್ನ ಟೇಪಿನ ಜೊತೆ ಅದನ್ನೂ ಕೊರಳಿಗೆ ಹಾಕಿಕೊಂಡು ಯಂತ್ರದ ಮುಂದೆ ಕುಳಿತ.