ಗೆರೆಯ ಹಿಂದೆ ಪಿಟೀಲು

ಪ್ರೊಜೆಕ್ಟರನ್ನು ಎದೆಗವಚಿಕೊಂಡು ಮಗಳು ಸಭಾಂಗಣದ ಮೆಟ್ಟಿಲು ಹತ್ತುತ್ತಿದ್ದಾಗ ಸೋದರಮಾವ ಅಡ್ಡ ನಿಂತರು.

"ಏನಮ್ಮಾ ಇದು? ಅಕ್ಕನ್ನ ಇನ್ನೂ ಎತ್ತಿಲ್ಲ, ಅಷ್ಟರಲ್ಲಿ ಸಿನಿಮಾನಾ?"

"ಅಮ್ಮ ಮಾಡಿದ್ದೇ ಮಾವ. ನಾಲ್ಕು ನಿಮಿಷ ಅಷ್ಟೆ."

"ಅದರಲ್ಲಿ ಕತೆ ಇಲ್ಲ, ಮನುಷ್ಯರಿಲ್ಲ. ಬರೀ ಚುಕ್ಕೆ, ಗೆರೆ. ಬಂದೋರು ಆಡ್ಕೊಳ್ತಾರೆ."

"ಆಡ್ಕೊಳ್ಳಲಿ. ಅವಳಿಗೇನು ಹೊಸದಾ? ದಾರಿ ಬಿಡಿ."

ಮಾವ ಗೊಣಗುತ್ತ ಸರಿದರು. ಒಳಗೆ, ಅಮ್ಮನ ಶವಪೆಟ್ಟಿಗೆಯಿಂದ ದೂರದ ಕುರ್ಚಿಯಲ್ಲಿ, ಹಿಂದೆ ಅವಳ ಚಿತ್ರಗಳಿಗೆ ನುಡಿಸುತ್ತಿದ್ದ ಪಿಟೀಲಿನವರು ತಲೆ ತಗ್ಗಿಸಿ ಕೂತಿದ್ದರು. ಮಗಳು ಫೋನಿನಲ್ಲಿ ಹೇಳಿದಂತೆ ವಾದ್ಯ ತಂದಿದ್ದರು.

* * *

ಹಗಲೆಲ್ಲ ಅಮ್ಮ ಜಾಹೀರಾತಿನ ಸ್ಟುಡಿಯೋದಲ್ಲಿ ಸೋಪು, ಟೂತ್‌ಪೇಸ್ಟುಗಳನ್ನು ಕುಣಿಸುತ್ತಿದ್ದಳು. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕಪ್ಪು ಫಿಲ್ಮ್ ಸುರುಳಿ ಬಿಚ್ಚಿ, ಅದರ ಮೇಲೇ ಸೂಜಿಯಿಂದ ಚುಕ್ಕೆ, ಗೆರೆ ಗೀರಿ, ಬಣ್ಣ ತುಂಬುತ್ತಿದ್ದಳು. ಪಿಟೀಲಿನವರು ನುಡಿಸಿದ್ದನ್ನು ಟೇಪಿನಲ್ಲಿ ಮತ್ತೆ ಮತ್ತೆ ಕೇಳಿ, ಸ್ವರ ಏರಿದಲ್ಲಿ ಗೆರೆ ಏರಿಸುವಳು, ಇಳಿದಲ್ಲಿ ಇಳಿಸುವಳು.

ಒಂದು ದಿನ ಅವರಿಗೆ ಅಂದಳು: "ಈ ಸಲ ನಾನು ಮೊದಲು ಗೆರೆ ಬರೀತೀನಿ. ನೀವು ನೋಡ್ಕೊಂಡು ನುಡಿಸಿ."

"ನಿನ್ನ ಗೆರೆಗೆ ನಾನು ತಾಳ ಹಾಕ್ಬೇಕಾ?"

"ಇಷ್ಟು ವರ್ಷ ನಿಮ್ಮ ತಾಳಕ್ಕೆ ನಾನು ಕುಣಿದಿಲ್ವಾ?"

ಅವರು ಎದ್ದು ಹೋದವರು ಮತ್ತೆ ಬರಲಿಲ್ಲ. ಅಮ್ಮ ಕೈಬಿಡಲಿಲ್ಲ. ಕಾಯಿಲೆ ಬಿದ್ದು ಬೆರಳು ನಡುಗತೊಡಗಿದ ಮೇಲೂ ಸದ್ದಿಲ್ಲದ ಕೋಣೆಯಲ್ಲಿ ಗೀರುತ್ತಲೇ ಇದ್ದಳು.

"ನುಡಿಸೋಕೆ ಬೇರೆ ಯಾರನ್ನಾದ್ರೂ ಕರೀಲಾ?" ಎಂದು ಮಗಳು ಕೇಳಿದ್ದಳು.

"ಬೇಡ. ಅವರೇ ಬರ್ಬೇಕು. ಇಲ್ಲಾಂದ್ರೆ ಮೂಕವಾಗೇ ಇರಲಿ."

* * *

"ಒಂದ್ಸಲ ಮೊದಲು ನೋಡ್ಬಹುದಾ?" ಪಿಟೀಲಿನವರು ಮೆಲ್ಲಗೆ ಕೇಳಿದರು.

"ಇಲ್ಲ. ಇರೋದು ಇದೊಂದೇ ಸುರುಳಿ, ಓಡಿಸಿದ್ರೆ ಬಣ್ಣ ಉದುರತ್ತೆ. ಈಗ್ಲೇ ನೋಡಿ, ಈಗ್ಲೇ ನುಡಿಸಿ."

ಕಿಟಕಿಗಳ ಪರದೆ ಎಳೆದರು. ಗೋಡೆಯ ಮೇಲೆ ನೀಲಿ ಚುಕ್ಕೆಗಳು ಚಿಮ್ಮಿದವು. ಪಿಟೀಲಿನವರು ಅಭ್ಯಾಸಬಲದಿಂದ ಚುಕ್ಕೆಗಳಿಗೆ ಕಾಯದೆ ನುಡಿಸುತ್ತ ಮುಂದೆ ಓಡಿದರು. ಚುಕ್ಕೆಗಳು ಅತ್ತ, ಪಿಟೀಲು ಇತ್ತ. ಯಾರೋ ಕೆಮ್ಮಿದರು. ಮಗಳು ತುಟಿ ಕಚ್ಚಿದಳು, ಯಂತ್ರ ನಿಲ್ಲಿಸಲಿಲ್ಲ. ಅವರು ನುಡಿಸುವುದನ್ನು ಬಿಟ್ಟು ಸುಮ್ಮನೆ ನೋಡಿದರು. ಕೆಂಪು ಗೆರೆಯೊಂದು ನಡುಗುತ್ತ ಮೇಲೇರಿತು. ಪಿಟೀಲು ಅದರ ಹಿಂದೆಯೇ ಹೊರಟಿತು, ನಡುಕವನ್ನೂ ಬಿಡದೆ. ಗೆರೆ ಬಳುಕಿದಲ್ಲಿ ಬಳುಕಿತು, ಒಡೆದಲ್ಲಿ ಒಡೆಯಿತು. ಮಾವ ಬಾಯಿ ತೆರೆದುಕೊಂಡೇ ಕೂತಿದ್ದರು.

ಥಟ್ಟನೆ ಗೋಡೆ ಕತ್ತಲಾಯಿತು.

"ಮುಗೀತಾ? ದೀಪ ಹಾಕ್ಲಾ?" ಎಂದು ಮಾವ ಎದ್ದರು.

"ಕೂತ್ಕೊಳ್ಳಿ," ಎಂದರು ಪಿಟೀಲಿನವರು, ಗೋಡೆಯಿಂದ ಕಣ್ಣು ಕೀಳದೆ. ಕಮಾನು ತಂತಿಗೆ ತಾಗದೆ ಗಾಳಿಯಲ್ಲಿ ನಿಂತಿತ್ತು. ಪ್ರೊಜೆಕ್ಟರು ಇನ್ನೂ ಕಟಕಟ ಓಡುತ್ತಿತ್ತು.

ಗೋಡೆಯ ಮೂಲೆಯಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ ಮೂಡಿತು. ಕಮಾನು ತಂತಿಗೆ ಇಳಿಯಿತು.