ಸೊಸೆಗೆ ಕುಡಿಸಿದ್ದು

“ಇವಳು ಹೊಟ್ಟೇಲಿದ್ದಾಗ ಹೆಂಡ ಗಿಂಡ ಏನಾದ್ರೂ ಕುಡೀತಿದ್ದೇನಮ್ಮ?”

ಚಿಕ್ಕನಾಯಕನಹಳ್ಳಿಯ ಛತ್ರದಲ್ಲಿ ನಡೆದಿದ್ದ ಅಂಗವಿಕಲರ ಸರ್ಟಿಫಿಕೇಟಿನ ಕ್ಯಾಂಪಿಗೆ ತುಮಕೂರಿನಿಂದ ಬಂದಿದ್ದ ಡಾಕ್ಟರಮ್ಮ ಕೇಳಿದರು. ಮಂಜಮ್ಮ ಹಿಂದೆ ತಿರುಗಿ ನೋಡಿದಳು. ಬಾಗಿಲಲ್ಲಿ ಅವರ ಬೀದಿಯವರೇ ಮೂವರು ಸಾಲಿನಲ್ಲಿದ್ದರು.

“ಇಲ್ಲ ಕಣ್ರಮ್ಮ. ಮುಟ್ಟೋಳೇ ಅಲ್ಲ.”

ಪಕ್ಕದಲ್ಲಿದ್ದ ಅತ್ತೆ ಸಿದ್ದಕ್ಕ ತಲೆ ತಗ್ಗಿಸಿದಳು. ಹನ್ನೊಂದು ವರ್ಷದ ಹಿಂದೆ, ತೆಂಗಿನಕಾಯಿ ಸುಲಿದು ಸೊಂಟ ಹಿಡಿದುಕೊಂಡು ಬರುತ್ತಿದ್ದ ಬಸುರಿ ಸೊಸೆಗೆ ದಿನಾ ಸಂಜೆ ಚೊಂಬಿನ ತುಂಬಾ ಈಚಲ ಹೆಂಡ ಕೊಟ್ಟವಳು ಅವಳೇ. ಮೈಗೆ ಬಲ, ಹೆರಿಗೆ ಹಗುರ ಅಂತ. ಸಿದ್ದಕ್ಕನ ಅತ್ತೆಯೂ ಅವಳಿಗೆ ಹಾಗೇ ಕೊಟ್ಟಿದ್ದಳು. ಮಂಜಮ್ಮ ವಾಕರಿಸಿದರೆ, ಚೊಂಬು ಬರಿದಾಗುವ ತನಕ ಸಿದ್ದಕ್ಕ ಎದುರಿಗೇ ನಿಂತಿರುತ್ತಿದ್ದಳು.

ಮೊಮ್ಮಗಳು ನೇತ್ರಾ ರಾತ್ರಿ ಕಲಿತ ಮಗ್ಗಿಯನ್ನು ಬೆಳಿಗ್ಗೆ ಮರೆಯುತ್ತಾಳೆ. ಯಾರು ಕರೆದರೂ ಹಿಂದೆ ಹೋಗುತ್ತಾಳೆ. ಬೇಕಂತಲೇ ಮಾಡ್ತಾಳೆ ಅಂತ ಮೇಷ್ಟ್ರು ಬಾರಿಸುತ್ತಾರೆ.

“ಮಾತು ಚೆನ್ನಾಗಾಡ್ತಾಳೆ. ಬುದ್ಧಿ ಪರೀಕ್ಷೇಲಿ ಎಪ್ಪತ್ತಮೂರು ಬಂದಿದೆ. ಎಪ್ಪತ್ತರೊಳಗಿದ್ರೇನೇ ಸರ್ಟಿಫಿಕೇಟು,” ಎಂದರು ಡಾಕ್ಟರಮ್ಮ. “ತಾಯಿ ಕುಡಿದು ಹೀಗಾಗೋ ಮಕ್ಕಳಿದಾರೆ. ಹಾಗಿದ್ರೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಾಗದ ಕೊಡ್ತಿದ್ದೆ. ಹೊಡೀಬೇಡಿ, ಬೇರೆ ಥರ ಕಲಿಸಿ ಅಂತ ಸ್ಕೂಲಿಗೂ ಬರೀತಿದ್ದೆ. ಇಲ್ಲ ಅಂತೀರಲ್ಲ.”

ಸಿದ್ದಕ್ಕ ಎದ್ದು ಮೊಮ್ಮಗಳನ್ನು ಹೊರಗೆ ಕರೆದುಕೊಂಡು ಬಂದಳು.

ಹೊರಗೆ ಪಕ್ಕದ ಮನೆಯ ಹುಚ್ಚರಂಗಯ್ಯ ಬೀಡಿ ಸೇದುತ್ತಿದ್ದ. “ನಾಕು ಬಿಗಿದ್ರೆ ತಾನಾಗೇ ಕಲೀತದೆ ಬುಡು ಮಂಜಮ್ಮ.”

“ನಿಂಗೂ ಬಿಗೀಲಾ ತಾತ?” ಅಂದು ನೇತ್ರಾ ನಕ್ಕಳು. ಅವನೂ ನಕ್ಕ. ಮಂಜಮ್ಮ ನಗಲಿಲ್ಲ.

ಸಿದ್ದಕ್ಕ ಸೊಸೆಯನ್ನು ಬೇವಿನ ಮರದ ಹತ್ತಿರ ಎಳೆದಳು. “ಯಾಕೇ ಸುಳ್ಳು ಹೇಳ್ದೆ?”

“ಕುಡುಕಿ ಅನ್ನುಸ್ಕೊಳ್ಳೋಳು ನಾನು ತಾನೇ? ಇವ್ಳಿಂದ್ಲೇ ಮಗು ಹಿಂಗಾಯ್ತು ಅಂತ ಊರೆಲ್ಲಾ ನನ್ನನ್ನೇ ಉಗೀತದೆ. ಕುಡ್ಸ್ದೋರು ಯಾರು ಅಂತ ಯಾರೂ ಕೇಳಲ್ಲ. ನೀನೂ ಅಲ್ಲೇ ಇದ್ಯಲ್ಲ ಅತ್ತೆಮ್ಮ.”

ಸಿದ್ದಕ್ಕ ಮೊಮ್ಮಗಳ ಕೈ ಹಿಡಿದು ಛತ್ರದ ಮೆಟ್ಟಿಲು ಹತ್ತಿದಳು. ಜವಾನ ಬಾಗಿಲು ಎಳೆಯುತ್ತಿದ್ದ.

“ಮುಗೀತು ಕಣಜ್ಜಿ. ಮುಂದಿನ ಕ್ಯಾಂಪಿಗೆ ಬಾ.”

“ಡಾಕ್ಟರಮ್ಮಂಗೆ ಹೇಳಪ್ಪ,” ಎಂದಳು ಸಿದ್ದಕ್ಕ, ಹುಚ್ಚರಂಗಯ್ಯನಿಗೂ ಕೇಳುವಷ್ಟು ಗಟ್ಟಿಯಾಗಿ. “ಸೊಸೆ ಬ್ಯಾಡ ಬ್ಯಾಡ ಅಂದ್ರೂ ಹೆಂಡ ಕುಡ್ಸ್ದೋಳು ಬಂದವ್ಳೆ ಅನ್ನು.”

ಜವಾನ ಬಾಗಿಲು ಹಿಡಿದುಕೊಂಡೇ ನಿಂತ. ನೇತ್ರಾ ಅವನ ತೋಳಿನಡಿ ನುಸುಳಿ ಒಳಗೋಡಿ, ತೂಕದ ಮೆಷಿನ್ನಿನ ಮೇಲೆ ಹತ್ತಿ ನಿಂತಳು.