ಟೆಂಪರರಿ ಹಲ್ಲು

ಮಾಘದ ಚಳಿ ಇನ್ನೂ ಬಿಡದ ಸೋಮವಾರ, ಹಾಲಿನವನು ಆಗತಾನೇ ಬಂದುಹೋದ ಹೊತ್ತು. ಹನುಮಂತನಗರದ ಮನೆಯ ಹಿತ್ತಿಲಲ್ಲಿ ಕರಿಬಸವಯ್ಯನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದಾಗ ಅವನ ಮುಂದಿನ ಹಲ್ಲು ಕಳಚಿ, ನೀರಿನ ಜೊತೆ ಮೋರಿಗೆ ಹೊರಟಿತು.

“ಹಿಡೀರೋ!” ಎಂದು ಅಕ್ಕ ದುಂಡವ್ವ ಕೂಗಿದಳು. ಹಿಡಿಯುವವರು ಯಾರು? ಎಲ್ಲರ ಕೈಯಲ್ಲೂ ಹೆಣವಿತ್ತು.

ವಿಭೂತಿ ಬಳಿದು, ಹಾರ ಹಾಕಿ, ಕುಲದ ಪದ್ಧತಿಯಂತೆ ಗೋಡೆಗೊರಗಿಸಿ ಕೂರಿಸಿದರು. ಬಾಯಿ ತುಸು ತೆರೆದೇ ಉಳಿಯಿತು. ಊರಿಗೆಲ್ಲ ಹಲ್ಲು ಮಾಡಿಕೊಟ್ಟ ಡೆಂಟಲ್ ಲ್ಯಾಬಿನ ಯಜಮಾನನ ಬಾಯಲ್ಲೇ ಒಂದು ಕಿಟಕಿ. ಕೈಮುಗಿಯಲು ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು.

ಹೆಂಡತಿ ಲತಾಮಣಿ ಕಿಟ್ಟಿಯನ್ನು ಅಡುಗೆಮನೆಗೆ ಕರೆದಳು. ಕಿಟ್ಟಿ ಲ್ಯಾಬಿನ ಪಾಲುದಾರ. ಕರಿಬಸವಯ್ಯನೊಡನೆ ಜಗಳವಾಡುತ್ತಲೇ ಅರ್ಧ ಆಯುಸ್ಸು ಹಲ್ಲು ಮಾಡಿದವನು.

“ಹಲ್ಲಿಲ್ದೆ ಕಸ ಹಾಕೋಕೂ ಬೀದಿಗೆ ಇಳೀತಿರ್ಲಿಲ್ಲ ಇವ್ರು. ಹಿಂಗೇ ಕಳಿಸಲ್ಲ ನಾನು. ಒಂದ್ ಹಲ್ಲು ಮಾಡ್ಕೊಡು ಕಿಟ್ಟಿ.”

“ಹನ್ನೊಂದಕ್ಕೆ ಗಾಡಿ ಬರತ್ತೆ ಅತ್ತಿಗೆ.”

“ಅಷ್ಟ್ರೊಳಗೆ ಮಾಡು.”

*

ಕಳಚಿಹೋದದ್ದು, ಒಂದು ವಾರದ ಮಟ್ಟಿಗೆಂದು ಕಿಟ್ಟಿಯೇ ಕೊರೆದುಕೊಟ್ಟಿದ್ದ ಪ್ಲಾಸ್ಟಿಕ್ ಹಲ್ಲು. ಕಾಯಂ ಹಲ್ಲು ಯಾವುದರಲ್ಲಿ ಮಾಡೋಣ ಎಂದು ಕೇಳಿದಾಗಲೆಲ್ಲ ಕರಿಬಸವಯ್ಯ ಕನ್ನಡಿ ಹಿಡಿದು ಕೂರುತ್ತಿದ್ದ.

“ಜಿರ್ಕೋನಿಯಾ ಪಿಂಗಾಣಿ ಗಟ್ಟಿ ಕಣೋ, ಆದ್ರೆ ಸುಣ್ಣ ಹೊಡ್ದ ಗೋಡೆ ಥರ ಕಾಣತ್ತೆ. ಗಾಜಿನ ಜಾತಿದು ಚೆಂದ, ಆದ್ರೆ ಚಕ್ಕುಲಿ ಬಿಡ್ಬೇಕು.”

“ಚಕ್ಕುಲಿ ಬಿಡು.”

“ನೀನು ಲ್ಯಾಬ್ ಬಿಡು.”

ಬೇರೆಯವರ ಬಾಯಾದರೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ತೀರ್ಮಾನ: ಇದು ಜಿರ್ಕೋನಿಯಾ, ಒಣಒಣವಾಗೇ ಕೊರಿ; ಇದು ಗಾಜಿಂದು, ನೀರು ಹಾಯಿಸಿ ಕೊರಿ. ತನ್ನದು ಮಾತ್ರ ಬಗೆಹರಿಯಲಿಲ್ಲ. ವಾರ ಹೋಗಿ ವರ್ಷಗಳಾದವು. ಆದರೂ ಪ್ಲಾಸ್ಟಿಕ್ ಹಲ್ಲು ಹಾಕಿಸಿಕೊಂಡವರಿಗೆಲ್ಲ ತಪ್ಪದೆ ಹೇಳುತ್ತಿದ್ದ: “ಇದು ಟೆಂಪರರಿ ಸಾರ್. ತಿರುಗಿ ಬರ್ಲೇಬೇಕು.”

*

ಅವನ ಬಾಯಿಯ ಅಳತೆ ಕಂಪ್ಯೂಟರಿನಲ್ಲೇ ಇತ್ತು. ಮನೆಯ ಕೆಳಗೇ ಇದ್ದ ಲ್ಯಾಬಿಗೆ ಕಿಟ್ಟಿಯ ಹಿಂದೆ ದುಂಡವ್ವನೂ ಇಳಿದು ಬಂದಳು.

“ಗಟ್ಟಿದೇ ಹಾಕಪ್ಪಾ. ನಮ್ಮಲ್ಲಿ ಸುಡಲ್ಲ, ಹೂಳೋದು. ಮಣ್ಣಲ್ಲಿ ಎಷ್ಟು ಕಾಲ ಇರ್ಬೇಕೋ ಏನೋ!”

ಕಿಟ್ಟಿ ಕಣ್ಣೊರೆಸಿಕೊಂಡು ಜಿರ್ಕೋನಿಯಾ ಬಿಲ್ಲೆ ಸಿಕ್ಕಿಸಿದ. ಮಿಶಿನ್ ಗುಂಯ್‌ಗುಟ್ಟಿ, ಸೀಮೆಸುಣ್ಣದಂಥ ಹಲ್ಲೊಂದನ್ನು ಕೊರೆದಿಟ್ಟಿತು.

“ಇದೇನೋ, ಕುದುರೆ ಹಲ್ಲು?”

“ಕುಲುಮೇಲಿ ಬೆಂದ್ರೆ ಕುಗ್ಗತ್ತೆ ಅಕ್ಕಾ.”

“ಎಷ್ಟೊತ್ತು?”

ಆಗ ಕಿಟ್ಟಿ ತಲೆಯ ಮೇಲೆ ಕೈಯಿಟ್ಟುಕೊಂಡ. “ರಾತ್ರಿಯೆಲ್ಲಾ.”

“ಅಲ್ಲೀವರ್ಗೂ ನನ್ ತಮ್ಮ ಕೂತಿರ್ತಾನೇನೋ!”

ಗಾಜಿನದನ್ನು ಕೊರೆಯುವಾಗ ನೀರು ಹಾಯುತ್ತಿರಬೇಕು. ಆ ಮಿಶಿನ್ನಿನ ಪಂಪು ಕೆಟ್ಟು ಕೂತಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಗಾಡಿಯ ಹಾರನ್ ಕೇಳಿಸಿತು. ಲತಾಮಣಿ ಬಾಗಿಲಲ್ಲಿ ಬಂದು ನಿಂತಳು.

“ಪ್ಲಾಸ್ಟಿಕ್ಕೇ ಗತಿ ಅತ್ತಿಗೆ,” ಎಂದ ಕಿಟ್ಟಿ, ತಲೆ ತಗ್ಗಿಸಿ. “ಅದಾದ್ರೆ ಈಗ್ಲೇ ಆಗತ್ತೆ. ಆದ್ರೆ ಟೆಂಪರರಿ.”

“ಟೆಂಪರರಿ ಹಾಕಿಸ್ಕೊಂಡೋರಿಗೆ ಇವ್ರು ಏನ್ ಹೇಳ್ತಿದ್ರು?”

“ತಿರುಗಿ ಬರ್ಲೇಬೇಕು ಅಂತ.”

ಲತಾಮಣಿ ಸೆರಗಿನಿಂದ ಮೂಗೊರೆಸಿಕೊಂಡಳು. “ಮತ್ತೆ? ಅದನ್ನೇ ಹಾಕು.”

ಗಾಡಿಯವನು ಗೊಣಗುತ್ತ ಕಾದ. ಕಿಟ್ಟಿಯೇ ಹಲ್ಲು ಕೂರಿಸಿದ, ಅಂಟು ಹಿಡಿಯುವ ತನಕ ಗೆಳೆಯನ ತುಟಿಯನ್ನು ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಇದ್ದ. ಬದುಕಿದ್ದರೆ ಇಷ್ಟು ಹೊತ್ತು ಬಾಯಿ ಬಿಟ್ಟುಕೊಂಡು ಸುಮ್ಮನಿರುವ ಆಸಾಮಿಯಲ್ಲ ಅವನು.

ಕರಿಬಸವಯ್ಯ ಬನಶಂಕರಿಯ ರುದ್ರಭೂಮಿಗೆ ಹೊರಟದ್ದು ಸೋಮವಾರ ಮಧ್ಯಾಹ್ನ, ಬಾಯಿ ತುಂಬ ಹಲ್ಲಿಟ್ಟುಕೊಂಡು.

ಮಂಗಳವಾರ ಬೆಳಿಗ್ಗೆ ಕಿಟ್ಟಿ ಕುಲುಮೆ ತೆರೆದ. ಮಣ್ಣು ಮಾಡಿ ಬಂದ ಸಂಜೆ ತಾನೇ ಬೇಯಲಿಟ್ಟಿದ್ದ ಕುದುರೆ ಹಲ್ಲು ಕುಗ್ಗಿ ಮನುಷ್ಯರದಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

“ಸುಣ್ಣದ ಗೋಡೇನೇ ಕಣೋ,” ಎಂದು ಒಪ್ಪಿಕೊಂಡ.

ಆಮೇಲೆ ಅದನ್ನು ಪುಟ್ಟ ಡಬ್ಬಿಯಲ್ಲಿಟ್ಟು, ಮೇಲೆ ಗೆಳೆಯನ ಹೆಸರು ಬರೆದು, ತಿರುಗಿ ಬರಬೇಕಾದವರ ಡಬ್ಬಿಗಳ ಸಾಲಿನಲ್ಲಿ ಒಂದಿಷ್ಟು ಜಾಗ ಮಾಡಿ ಇಟ್ಟ.